ವನ್ಯಜೀವಿ ಚಿತ್ರವನ್ನು ಸ್ಪರ್ಧೆಗೆ ಪ್ರಾಮಾಣಿಕವಾಗಿ ಕಳುಹಿಸುವ ಬಗೆ: ಕೊಡಗಿನ ಛಾಯಾಗ್ರಾಹಕರಿಗೆ

ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳಲ್ಲಿ ಮೋಸ ಎಂದೊಡನೆ ಕಂಪ್ಯೂಟರಿನಲ್ಲಿ ನಡೆಯುವ ತಿದ್ದುಪಡಿಯೇ ಹೆಚ್ಚಿನವರ ನೆನಪಿಗೆ ಬರುತ್ತದೆ. ಆದರೆ ಪ್ರಶಸ್ತಿಯನ್ನೇ ಹಿಂಪಡೆದ ದೊಡ್ಡ ಪ್ರಕರಣಗಳಲ್ಲಿ ಪ್ರಶ್ನೆ ಎದ್ದದ್ದು ಕ್ಯಾಮೆರಾದ ಮುಂದೆ ನಿಂತಿದ್ದ ಪ್ರಾಣಿಯ ಬಗ್ಗೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ 2009ರ ಅಗ್ರ ಪ್ರಶಸ್ತಿ ಪಡೆದ, ಗೇಟು ಜಿಗಿಯುವ ತೋಳದ ಚಿತ್ರವನ್ನು 2010ರಲ್ಲಿ ಅನರ್ಹಗೊಳಿಸಲಾಯಿತು; ಅದು ಪಳಗಿಸಿದ ತೋಳವಿರಬಹುದೆಂದು ತೀರ್ಪುಗಾರರಿಗೆ ಮನವರಿಕೆಯಾಗಿತ್ತು. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ, ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನದ ಇರುವೆಭಕ್ಷಕದ ಚಿತ್ರವೂ ಮರುವರ್ಷ ಅನರ್ಹವಾಯಿತು. ಆ ಪ್ರಾಣಿಯ ರೋಮದ ಗುರುತು ಮತ್ತು ನಿಲುವು ಉದ್ಯಾನದಲ್ಲಿ ಪ್ರದರ್ಶನಕ್ಕಿಟ್ಟಿದ್ದ, ಸತ್ತ ಪ್ರಾಣಿಯ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸಿದ ಇರುವೆಭಕ್ಷಕಕ್ಕೆ ಹೊಂದುತ್ತವೆ ಎಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದರು. ಇಬ್ಬರು ಛಾಯಾಗ್ರಾಹಕರೂ ಆರೋಪವನ್ನು ನಿರಾಕರಿಸಿದರು. ಎರಡನೆಯ ಪ್ರಕರಣದಲ್ಲಿ ಆ ಚಿತ್ರದ ಹಿಂದೆ ಮತ್ತು ಮುಂದೆ ತೆಗೆದ ಚಿತ್ರಗಳ ಕಡತಗಳನ್ನು ಒದಗಿಸಲಾಗಿತ್ತಾದರೂ ಅವುಗಳಲ್ಲಿ ಒಂದರಲ್ಲಿಯೂ ಆ ಪ್ರಾಣಿ ಇರಲಿಲ್ಲ. ಆದ್ದರಿಂದ ಈ ಬರಹ ಮೊದಲು ಕಾಡಿನ ಬಗ್ಗೆ, ಆಮೇಲೆ ಕಂಪ್ಯೂಟರಿನ ಬಗ್ಗೆ ಮಾತನಾಡುತ್ತದೆ.

ಕೊಡಗಿನಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಕಾಡಾನೆಯೋ ಸಾಕಾನೆಯೋ ಎಂಬುದು. ದುಬಾರೆ ಮತ್ತು ಮತ್ತಿಗೋಡು ಶಿಬಿರಗಳ ಆನೆಗಳನ್ನು ಮೇಯಲು ಕಾಡಿಗೆ ಬಿಡುವ ರೂಢಿಯಿರುವುದರಿಂದ, ಆನೆ ಕಾಡಿನೊಳಗೆ ಕಂಡಿತು ಎಂಬುದೇ ಅದು ಕಾಡಾನೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಕಾಲಿನ ಸರಪಳಿ, ಸರಪಳಿ ಉಜ್ಜಿ ಉಳಿದ ಕಲೆ, ತುದಿ ಕತ್ತರಿಸಿದ ದಂತ, ಜನರನ್ನು ಕಂಡರೂ ಕದಲದ ನಿರ್ಲಿಪ್ತತೆ, ಇವುಗಳಲ್ಲಿ ಯಾವುದು ಕಂಡರೂ ಶಿಬಿರದ ಮಾವುತರನ್ನು ವಿಚಾರಿಸಿ. ತಮ್ಮ ಆನೆಯನ್ನು ಅವರು ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಕಾವೇರಿಯಲ್ಲಿ ಮೈ ತೊಳೆಸಿಕೊಳ್ಳುವ ಸಾಕಾನೆಯ ಚಿತ್ರವೂ ಸುಂದರವಾದದ್ದೇ, ಅದನ್ನು ಸಾಕಾನೆ ಎಂದು ಹೇಳಿಯೇ ತಕ್ಕ ವಿಭಾಗಕ್ಕೆ ಕಳುಹಿಸಬಹುದು. ಸರಪಳಿ ಕಾಣದಂತೆ ಚೌಕಟ್ಟು ಕತ್ತರಿಸಿ, ‘ಕಾಡಿನ ಸಲಗ’ ಎಂದು ಬರೆದು ಕಳುಹಿಸಿದರೆ, ಒಂದು ಬಿಂದುವನ್ನೂ ಅಳಿಸದೆ ಪೂರ್ತಿ ಸುಳ್ಳು ಹೇಳಿದಂತಾಗುತ್ತದೆ. ಅರಣ್ಯ ಇಲಾಖೆ ರೇಡಿಯೋ ಕಾಲರ್ ತೊಡಿಸಿದ ಕಾಡಾನೆಯ ವಿಷಯ ಬೇರೆ. ಅದು ಕಾಡಾನೆಯೇ, ಆ ಕಾಲರ್ ಅನ್ನು ಅಳಿಸುವುದೇ ಅಲ್ಲಿ ತಪ್ಪು.

ಆನೆ ಕಿವಿ ಅಗಲಿಸಿ ಮುನ್ನುಗ್ಗುವ ಚಿತ್ರಗಳ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ತಿತಿಮತಿಯ ಕಾಡುರಸ್ತೆಯಲ್ಲೋ ತೋಟದ ಅಂಚಿನಲ್ಲೋ ಹಾರ್ನ್ ಮಾಡಿ, ಕೂಗಿ, ಅಡ್ಡಗಟ್ಟಿ ಕೆರಳಿಸಿದ ಆನೆಯ ಚಿತ್ರವು ಕಾಡಿನ ಸಹಜ ನಡವಳಿಕೆಯನ್ನು ತೋರಿಸುವುದಿಲ್ಲ; ಛಾಯಾಗ್ರಾಹಕನು ಅದಕ್ಕೆ ಮಾಡಿದ್ದನ್ನು ತೋರಿಸುತ್ತದೆ. ಹೀಗೆ ಕೆರಳಿದ ಆನೆಗೆ ಮರುದಿನ ಬೆಳಿಗ್ಗೆ ಎದುರಾಗುವವರು ಕಾಫಿ ಕೊಯ್ಯಲು ಹೊರಟ ಕಾರ್ಮಿಕರು. ಅಭಯಾರಣ್ಯದೊಳಗೆ ವನ್ಯಪ್ರಾಣಿಯನ್ನು ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಆನೆ ನಿಮ್ಮನ್ನು ನೋಡಿ ತಲೆ ಎತ್ತಿದೊಡನೆ ಹಿಂದೆ ಸರಿಯಿರಿ.

ಗೂಡಿನ ಚಿತ್ರಗಳನ್ನು ಸ್ಪರ್ಧೆಗೆ ತೆಗೆಯಲೇಬೇಡಿ ಎಂಬುದು ನನ್ನ ಸಲಹೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು, ಕಿರಿದಾದ ಸೀಳಿನ ಮೂಲಕ ಗಂಡು ತರುವ ಹಣ್ಣನ್ನು ನಂಬಿ ವಾರಗಟ್ಟಲೆ ಒಳಗಿರುತ್ತದೆ. ಮರದ ಬುಡದಲ್ಲಿ ಜನ ಕುಳಿತಿರುವಷ್ಟು ಹೊತ್ತು ಗಂಡು ಗೂಡಿಗೆ ಬರಲು ಹಿಂಜರಿದರೆ ಒಳಗಿನ ತಾಯಿಯೂ ಮರಿಯೂ ಹಸಿದಿರುತ್ತವೆ. ಚಿಕ್ಕ ಹಕ್ಕಿಗಳ ಗೂಡಿನ ಸುತ್ತಲಿನ ಎಲೆಗಳನ್ನು ‘ಬೆಳಕು ಬೀಳಲಿ’ ಎಂದು ಸವರಿದರೆ ಬಿಸಿಲಿನ ಜೊತೆಗೆ ಕಾಗೆ, ಕೆಂಬೂತಗಳ ಕಣ್ಣೂ ಬೀಳುತ್ತದೆ. ಕಾಡುಹಕ್ಕಿಗಳ ಗೂಡು ಮತ್ತು ಮೊಟ್ಟೆಗೆ ತೊಂದರೆ ಕೊಡುವುದನ್ನು ಮೇಲೆ ಹೇಳಿದ ಕಾಯ್ದೆ ಬೇಟೆಯ ವ್ಯಾಖ್ಯಾನದೊಳಗೆ ಸೇರಿಸಿದೆ ಎಂಬುದು ಕ್ಯಾಮೆರಾ ಹಿಡಿದ ಎಲ್ಲರಿಗೂ ತಿಳಿದಿರಬೇಕು.

ಮಳೆಗಾಲದ ಕಪ್ಪೆಗಳಿಗೂ ಇಷ್ಟೇ ಎಚ್ಚರಿಕೆ ಬೇಕು. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳಬೇಕು. ಹಿನ್ನೆಲೆ ಚೆನ್ನಾಗಿ ಬರಲೆಂದು ಆ ಕೊಂಬೆಯನ್ನು ಪಕ್ಕಕ್ಕೆ ಎಳೆದು ಕಟ್ಟಿದರೆ ಅವು ನೆಲಕ್ಕೆ ಬೀಳುತ್ತವೆ. ಕಪ್ಪೆಯನ್ನು ಹಿಡಿದು ಹೂವಿನ ಮೇಲೆ ಕೂರಿಸುವುದು, ಕೀಟಗಳನ್ನು ಫ್ರಿಜ್‌ನಲ್ಲಿಟ್ಟು ಮಂಕಾಗಿಸುವುದು, ಹಾವನ್ನು ಕೋಲಿನಿಂದ ಎತ್ತಿ ಬೇರೆ ಕೊಂಬೆಗೆ ಹಾಕುವುದು, ಇವೆಲ್ಲ ಪ್ರಾಣಿಹಿಂಸೆಯೂ ಹೌದು, ತೀರ್ಪುಗಾರರಿಗೆ ಮಾಡುವ ವಂಚನೆಯೂ ಹೌದು.

ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯುವುದು, ಹಲಸಿನ ಹಣ್ಣು ಅಥವಾ ಕಾಳು ಇಟ್ಟು ಕಾಯುವುದು, ಹೈಡ್‌ನ (ಛಾಯಾಗ್ರಾಹಕ ಅಡಗಿ ಕೂರುವ ಮರೆಯ) ಮುಂದೆ ಕೊಂಬೆ ನೆಡುವುದು ಇತ್ಯಾದಿಗಳ ವಿಷಯದಲ್ಲಿ ಸ್ಪರ್ಧೆಗಳ ನಿಯಮಗಳು ಒಂದೇ ತೆರನಾಗಿಲ್ಲ. ನಿಯಮಾವಳಿಯನ್ನು ಪೂರ್ತಿ ಓದಿ. ಅನುಮತಿ ಇದ್ದಲ್ಲಿಯೂ ಏನು ಮಾಡಿದಿರಿ ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಹಾಗೆ ಬರೆಯಲು ಮನಸ್ಸು ಅಳುಕಿದರೆ ಆ ಚಿತ್ರವನ್ನು ಕಳುಹಿಸದಿರುವುದೇ ಸರಿ. ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಳಸಿದ್ದರೆ ಅದನ್ನೂ ಹೇಳಿ.

ಇನ್ನು ದಾಖಲೆಯ ವಿಷಯ. ಚಿತ್ರಗಳನ್ನು ರಾ (RAW, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ರೂಪದಲ್ಲೇ ತೆಗೆಯಿರಿ ಮತ್ತು ಆಯ್ದ ಒಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುವ ಅಭ್ಯಾಸವನ್ನು ಬಿಡಿ. ಅಂತಿಮ ಸುತ್ತಿಗೆ ಬಂದ ಚಿತ್ರದ ರಾ ಕಡತವನ್ನು ಸಂಘಟಕರು ಕೇಳುವುದು ಈಗ ಸಾಮಾನ್ಯ. ಸಂಶಯ ಬಂದಾಗ ಅದರ ಹಿಂದು ಮುಂದಿನ ಚಿತ್ರಗಳನ್ನೂ ಕೇಳುತ್ತಾರೆ. ಹಕ್ಕಿ ಬಂದು ಕುಳಿತದ್ದು, ತಿರುಗಿದ್ದು, ಹಾರಿದ್ದು ಕ್ರಮಸಂಖ್ಯೆ ತಪ್ಪದ ಕಡತಗಳಲ್ಲಿ ಇದ್ದರೆ ನಿಮ್ಮ ಮಾತಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಡ. ಕ್ಯಾಮೆರಾದ ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಸರಿಪಡಿಸಿಕೊಳ್ಳಿ. ನಾಗರಹೊಳೆಯ ನಾಣಚ್ಚಿ ಗೇಟಿನಿಂದ ಸಫಾರಿಗೆ ಹೋಗಿದ್ದರೆ ಟಿಕೆಟ್ಟನ್ನು ಇಟ್ಟುಕೊಳ್ಳಿ, ಬ್ರಹ್ಮಗಿರಿ ಅಥವಾ ಪುಷ್ಪಗಿರಿ ಅಭಯಾರಣ್ಯಕ್ಕೆ ಅನುಮತಿ ಪಡೆದಿದ್ದರೆ ಆ ಪತ್ರವನ್ನೂ ಜೋಪಾನ ಮಾಡಿ.

ಕಂಪ್ಯೂಟರಿನಲ್ಲಿ ಎಷ್ಟು ತಿದ್ದಬಹುದು? ನಮ್ಮ ದೇಶದ ಬಹಳಷ್ಟು ಸಲೋನ್‌ಗಳು (ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಗಳು) ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ಅಥವಾ ಅಮೆರಿಕದ ಛಾಯಾಗ್ರಹಣ ಸಂಘವಾದ ಪಿಎಸ್‌ಎ ಮಾನ್ಯತೆಯಡಿ ನಡೆಯುತ್ತವೆ. ಅವುಗಳ ನಿಸರ್ಗ ವಿಭಾಗದ ವ್ಯಾಖ್ಯಾನದಂತೆ ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಕ್ರಾಪ್ ಮಾಡುವುದರ ಹೊರತು ಏನನ್ನೂ ತೆಗೆಯುವಂತಿಲ್ಲ. ಬೆಳಕು, ಬಣ್ಣಗಳನ್ನು ಸಹಜವಾಗಿ ಕಾಣುವಷ್ಟು ಸರಿಪಡಿಸಬಹುದು. ಸೆನ್ಸರಿನ ಧೂಳಿನ ಚುಕ್ಕೆ ಮತ್ತು ನಾಯ್ಸ್ (ಮಂದ ಬೆಳಕಿನ ಚಿತ್ರದಲ್ಲಿ ಮೂಡುವ ತರಿತರಿ) ತೆಗೆಯಬಹುದು. ಕಣ್ಣಿಗೆ ಅಡ್ಡ ಬಂದ ಹುಲ್ಲಿನ ಎಸಳನ್ನು ಅಳಿಸುವುದು ಚಿಕ್ಕ ಕೆಲಸವೆಂದು ತೋರಿದರೂ ನಿಯಮದ ಪ್ರಕಾರ ಅದು ಅನರ್ಹತೆಗೆ ಸಾಕು. ಕೃತಕ ಬುದ್ಧಿಮತ್ತೆಯಿಂದ ಹಿನ್ನೆಲೆ ತುಂಬಿಸುವ, ಚೌಕಟ್ಟನ್ನು ಹಿಗ್ಗಿಸುವ ಸೌಲಭ್ಯಗಳು ಈಗ ಒಂದು ಗುಂಡಿ ಒತ್ತಿದರೆ ಸಿಗುತ್ತವೆ. ಸ್ಪರ್ಧೆಯ ಚಿತ್ರದಲ್ಲಿ ಅವನ್ನು ಮುಟ್ಟಬೇಡಿ. ಕೊಡಗಿನಲ್ಲಿ ಇದಕ್ಕೆ ಸಂಬಂಧಿಸಿದ ದೊಡ್ಡ ಆಮಿಷ, ತೋಟದ ಸೋಲಾರ್ ಬೇಲಿಯನ್ನು ಚಿತ್ರದಿಂದ ಅಳಿಸುವುದು. ಇಲ್ಲಿ ಆನೆ, ಕಾಟಿ, ಮಂಗಟ್ಟೆ ಎಲ್ಲವೂ ಸಿಲ್ವರ್ ಓಕ್ ಮರಗಳ, ಕರಿಮೆಣಸಿನ ಬಳ್ಳಿಗಳ ನಡುವೆಯೇ ಓಡಾಡುತ್ತವೆ. ತಂತಿಯನ್ನು ಅಳಿಸಿ ಅದನ್ನು ದಟ್ಟಕಾಡೆಂದು ತೋರಿಸುವ ಬದಲು, ಮನುಷ್ಯ ಮತ್ತು ವನ್ಯಜೀವಿಯ ಸಂಬಂಧಕ್ಕೆ ಮೀಸಲಾದ ವಿಭಾಗಕ್ಕೆ ತಂತಿಯ ಸಮೇತ ಕಳುಹಿಸಿ. ಕೊಡಗಿನ ಕಾಡಿನ ಸ್ಥಿತಿಯನ್ನು ಹೊರಗಿನವರಿಗೆ ತಿಳಿಸುವ ಶಕ್ತಿ ಆ ಚಿತ್ರಕ್ಕೇ ಹೆಚ್ಚು.

ವಿವರಣೆಯಲ್ಲಿ ಜಾಗದ ಹೆಸರು ಎಷ್ಟು ಹೇಳಬೇಕೆಂಬ ಗೊಂದಲ ಹಲವರಲ್ಲಿದೆ. ಸಂಘಟಕರಿಗೆ ಖಚಿತ ಸ್ಥಳವನ್ನು ತಿಳಿಸಿ. ಪ್ರಕಟಣೆಗೆ ಮಾತ್ರ ‘ವಿರಾಜಪೇಟೆ ತಾಲ್ಲೂಕು, ಕೊಡಗು’ ಎಂಬಷ್ಟನ್ನೇ ಬಳಸುವಂತೆ ಕೋರಿ, ಪ್ರಕಟವಾಗುವ ಪ್ರತಿಯಿಂದ ಜಿಪಿಎಸ್ ಮಾಹಿತಿಯನ್ನು ತೆಗೆಸಿ. ಅಪರೂಪದ ಕಪ್ಪೆಯ ತೊರೆ ಯಾವುದೆಂದು ಎಲ್ಲರಿಗೂ ಗೊತ್ತಾದರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಟಾರ್ಚುಗಳ ಸಾಲೇ ನಿಲ್ಲುತ್ತದೆ. ರಾ ಕಡತದ ಮಾಹಿತಿ ಹಾಗೆಯೇ ಉಳಿದಿರುವಾಗ ಇದು ಮುಚ್ಚಿಡುವಿಕೆ ಅನ್ನಿಸಿಕೊಳ್ಳುವುದಿಲ್ಲ.

ಕಳುಹಿಸುವ ಮೊದಲು, ಆ ದಿನ ನಿಮ್ಮ ಜೊತೆಗಿದ್ದ ಅರಣ್ಯ ವೀಕ್ಷಕರಿಗೋ ಜೀಪಿನ ಚಾಲಕರಿಗೋ ವಿವರಣೆಯನ್ನು ಓದಿ ಹೇಳಿ. ಅವರು ‘ಹಾಗಲ್ಲವಲ್ಲ’ ಎಂದರೆ ತಿದ್ದಿ. ಕಳುಹಿಸಿದ ಮೇಲೆ ತಪ್ಪು ತಿಳಿದುಬಂದರೆ, ಉದಾಹರಣೆಗೆ ನೀವು ಕಾಡಾನೆ ಎಂದು ಬರೆದದ್ದು ಶಿಬಿರದ ಆನೆ ಎಂದು ಮಾವುತರಿಂದ ಗೊತ್ತಾದರೆ, ಫಲಿತಾಂಶಕ್ಕೆ ಕಾಯದೆ ಸಂಘಟಕರಿಗೆ ಪತ್ರ ಬರೆದು ಚಿತ್ರವನ್ನು ಹಿಂಪಡೆಯಿರಿ. ಬಹುಮಾನ ಬಂದ ಮೇಲೆ ತಿಳಿದರೂ ಬರೆಯಿರಿ. ಆ ಸ್ಥಾನ ಇನ್ನೊಬ್ಬ ಛಾಯಾಗ್ರಾಹಕನಿಗೆ ಸಲ್ಲಬೇಕಾಗಿರುತ್ತದೆ.