ಪದರ ಅಕ್ಷರಗಳಿಂದ ಬಹುವರ್ಣದ ಶೀರ್ಷಿಕೆ ಮೂಡಿಸುವ ಬಗೆ

ಒಂದೇ ಅಕ್ಷರಕುಟುಂಬದಲ್ಲಿ ಒಡಲು, ಅಂಚುಗೆರೆ, ಒಳಗೆರೆ, ನೆರಳು ಎಂದು ಪ್ರತ್ಯೇಕ ಫಾಂಟುಗಳಿದ್ದು, ಅವೆಲ್ಲದರಲ್ಲೂ ಅಕ್ಷರಗಳ ಅಗಲ ಮತ್ತು ಅಂತರ ಒಂದೇ ಆಗಿದ್ದರೆ, ಅವನ್ನು ಒಂದರ ಮೇಲೊಂದು ಕೂರಿಸಿ ಪ್ರತಿ ಪದರಕ್ಕೂ ಬೇರೆ ಬಣ್ಣ ತುಂಬಬಹುದು. ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ವಿಲಿಯಂ ಪೇಜ್ ಅವರ ಸಂಸ್ಥೆ ಮರದ ಅಚ್ಚುಗಳಿಂದಲೇ ಇದನ್ನು ಸಾಧಿಸಿ, 1874ರಲ್ಲಿ ಮಾದರಿಗಳನ್ನು ಪ್ರಕಟಿಸಿತ್ತು.

ಇಂಥ ಕುಟುಂಬಗಳಲ್ಲಿ ಹೆಚ್ಚಿನವು ರೋಮನ್ ಲಿಪಿಗಷ್ಟೇ ಸೀಮಿತವಾಗಿರುವುದರಿಂದ, ಚಿಕ್ಕಮಗಳೂರಿನ ಕಾಫಿ ಪುಡಿ ಪೊಟ್ಟಣಕ್ಕೋ ಹೋಂಸ್ಟೇ ಫಲಕಕ್ಕೋ ಕನ್ನಡದಲ್ಲಿ ಬರೆಯುವವರು ಪದರಗಳನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಗೆರೆಯ ದಪ್ಪ ಎಲ್ಲೆಡೆ ಸಮನಾಗಿರುವ, ವೃತ್ತಾಕಾರವನ್ನು ಆಧರಿಸಿದ ದಪ್ಪನೆಯ ಯೂನಿಕೋಡ್ ಫಾಂಟೊಂದನ್ನು ಆರಿಸಿ. ಕಾಗುಣಿತ ಮತ್ತು ಅಂತರವನ್ನು ಅಂತಿಮಗೊಳಿಸಿದ ಮೇಲಷ್ಟೇ ಪಠ್ಯವನ್ನು ರೇಖಾಕೃತಿಗೆ (ಔಟ್‌ಲೈನ್) ಬದಲಿಸಿ, ಒಂದರೊಳಗೊಂದು ಹೊಕ್ಕಿರುವ ಅಕ್ಷರ, ಒತ್ತು, ಸ್ವರಚಿಹ್ನೆಗಳನ್ನು ಕೂಡಿಸಿ. ಕೂಡಿಸದಿದ್ದರೆ ಅಂಚುಗೆರೆ ಅಕ್ಷರದ ನಡುವೆಯೂ ಹಾದುಹೋಗುತ್ತದೆ. ಬಳಿಕ ಅದೇ ಜಾಗದಲ್ಲಿ ಪ್ರತಿಗಳನ್ನು ಇಟ್ಟು, ಒಂದನ್ನು ಹೊರಕ್ಕೆ ಹಿಗ್ಗಿಸಿ ಅಂಚನ್ನೂ, ಒಂದನ್ನು ಒಳಕ್ಕೆ ಕುಗ್ಗಿಸಿ ಒಳಗೆರೆಯನ್ನೂ, ಇನ್ನೊಂದನ್ನು ಓರೆಯಾಗಿ ಸರಿಸಿ ನೆರಳನ್ನೂ ಪಡೆಯಿರಿ. ನೆರಳು ತಳದಲ್ಲಿರಲಿ, ಒಳಗೆರೆ ಎಲ್ಲಕ್ಕೂ ಮೇಲಿರಲಿ.

ಕನ್ನಡದಲ್ಲಿ ನಿಜವಾದ ಪರೀಕ್ಷೆ ನೆರಳಿನದೇ. ‘ಚಿಕ್ಕಮಗಳೂರು’ ಎಂಬಲ್ಲಿ ಬಲಕ್ಕೆ, ಕೆಳಗೆ ಬೀಳುವ ‘ಕ’ಕಾರದ ನೆರಳು, ಅಕ್ಷರಕ್ಕೂ ಅದರ ಒತ್ತಿಗೂ ನಡುವಿನ ಸಂದನ್ನು ತುಂಬಿಬಿಟ್ಟು, ದೂರದಿಂದ ನೋಡಿದವರಿಗೆ ಅಲ್ಲೊಂದು ಬಣ್ಣದ ಮುದ್ದೆ ಮಾತ್ರ ಕಾಣುತ್ತದೆ. ಆದ್ದರಿಂದ ನೆರಳಿನ ಆಳವನ್ನು ಆ ಸಂದಿಗಿಂತ ಕಡಿಮೆ ಇಡಬೇಕು. ಎರಡು ಸಾಲಿದ್ದರೆ, ಮೇಲಿನ ಒತ್ತಿನ ನೆರಳು ಕೆಳಸಾಲಿನ ಗುಡಿಸಿಗೆ ತಗಲದಷ್ಟು ಜಾಗ ಬಿಡಿ. ಒತ್ತಿಲ್ಲದ ‘ಹಾಸನ’ಕ್ಕೆ ಈ ಕಾಟವಿಲ್ಲ, ಅಲ್ಲಿ ನೆರಳನ್ನು ಧಾರಾಳವಾಗಿ ಎಳೆಯಬಹುದು.

ಸಿದ್ಧ ಪದರ ಫಾಂಟು ಬಳಸುವವರು ವಿನ್ಯಾಸ ತಂತ್ರಾಂಶದ ‘ಆಪ್ಟಿಕಲ್’ ಅಂತರವನ್ನು ಆಫ್ ಮಾಡಿ, ಫಾಂಟಿನೊಳಗಿನ ಅಂತರವನ್ನೇ ಉಳಿಸಿಕೊಳ್ಳಬೇಕು. ಆಪ್ಟಿಕಲ್ ವಿಧಾನ ಪ್ರತಿ ಪದರದ ಆಕಾರವನ್ನು ನೋಡಿ ಬೇರೆ ಲೆಕ್ಕ ಹಾಕುವುದರಿಂದ ಪದರಗಳು ಜಾರುತ್ತವೆ.

ಬಣ್ಣ ಮೂರಕ್ಕಿಂತ ಹೆಚ್ಚು ಬೇಡವೆಂಬುದು ನನ್ನ ಅಭಿಪ್ರಾಯ. ಫ್ಲೆಕ್ಸ್ ಮುದ್ರಣದಲ್ಲಿ ಬಣ್ಣಗಳ ಸಂಖ್ಯೆಯಿಂದ ಖರ್ಚು ಏರದು. ಸ್ಕ್ರೀನ್ ಪ್ರಿಂಟಿಂಗಿನಲ್ಲಾದರೆ ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಜೋಡಣೆ ತುಸು ತಪ್ಪಿದರೂ ಬಿಳಿ ಎಳೆ ಇಣುಕುತ್ತದೆ. ಅದಕ್ಕಾಗಿ ತಿಳಿಬಣ್ಣದ ಪದರವನ್ನು ಗಾಢ ಬಣ್ಣದ ಅಡಿಗೆ ಕೂದಲೆಳೆಯಷ್ಟು ಚಾಚಿ, ಗಾಢ ಬಣ್ಣವನ್ನು ಕೊನೆಗೆ ಹೊಡೆಸಿ. ಪೊಟ್ಟಣ ಚಿಕ್ಕದಾದರೆ ಒಳಗೆರೆಯ ಪದರವನ್ನು ಕೈಬಿಡಿ.