ಕನ್ನಡದಲ್ಲಿ ಹೇಳಲಾಗದ ಸಾಲುಗಳು

ಮುಂಬೈಯ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಅಪ್ಪ ನನಗೆ ಇಂಗ್ಲಿಷಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ಪುಸ್ತಕ ಕೊಡಿಸುತ್ತಿದ್ದರು. ನಾಲ್ಕು ಮಕ್ಕಳು, ಒಂದು ನಾಯಿಯ ಸಾಹಸಗಳ ಫೇಮಸ್ ಫೈವ್‌ನ 21 ಪುಸ್ತಕಗಳನ್ನೂ ಹಾಗೇ ಓದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ. ಇಂಗ್ಲಿಷ್ ಬಂದದ್ದು ಆ ಪುಸ್ತಕಗಳಿಂದಲೇ. ಆ ಋಣ ದೊಡ್ಡದು.

ಹೋದ ಮಳೆಗಾಲದಲ್ಲಿ ಎಂಟು ವರ್ಷದ ಮಗಳಿಗಾಗಿ ಅಲ್ಲಿಂದಲೇ ನಾಲ್ಕೈದು ಹಳೇ ಪ್ರತಿ ತಂದೆ. ಬ್ಲೈಟನ್ ಕಥೆಗಳಲ್ಲಿ ವರ್ಣಭೇದ, ಹೆಣ್ಣು-ಗಂಡಿನ ಭೇದ ಇದೆ ಅನ್ನುವ ದೂರುಗಳು ಗೊತ್ತಿದ್ದವು. ಮೊದಲು ನಾನೊಬ್ಬಳೇ ಓದಿದೆ. ಹಳೇ ಖುಷಿಯಲ್ಲಿ ಕಣ್ಣು ಸುಮ್ನೆ ಜಾರಿಕೊಂಡು ಹೋಯಿತು. ರಾತ್ರಿ ಅದನ್ನೇ ಕನ್ನಡದಲ್ಲಿ ಹೇಳಲು ಕೂತಾಗ ನಾಲಿಗೆ ತಡವರಿಸಿತು.

ಅದು 1937ರ ಒಂದು ಕಥೆ. ಸ್ಯಾಂಬೋ ಅನ್ನುವ ಗೊಂಬೆಯ ಮುಖ ಕಪ್ಪು. ಹಾಗಾಗಿ ಅದರ ಒಡತಿಗೂ ಬೇಡ, ಉಳಿದ ಗೊಂಬೆಗಳಿಗೂ ಬೇಡ. ಅದು ಮನೆ ಬಿಟ್ಟು ಓಡುತ್ತದೆ. ಮಳೆಗೆ ಕಪ್ಪೆಲ್ಲ ತೊಳೆದು ಹೋಗಿ ಮುಖ ಗುಲಾಬಿಯಾಗುತ್ತದೆ. ಆಮೇಲೆ ಎಲ್ಲರಿಗೂ ಬೇಕು. ಇಂಗ್ಲಿಷಿನಲ್ಲಿ ಇದು ದೂರದ ಊರಿನ ಕಥೆ. ಕನ್ನಡದಲ್ಲಿ ಹೇಳಿದ್ದೇ ನಮ್ಮ ಮದುವೆ ಮನೆಗಳ ಮಾತಾಗಿಬಿಟ್ಟಿತು: ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ.’ ಅದನ್ನು ಕೇಳಿಸಿಕೊಂಡವಳು ನಾನು. ಮಗಳದ್ದೂ ನನ್ನದೇ ಬಣ್ಣ.

ಅವಳು ತನ್ನ ಕೈ ತಿರುಗಿಸಿ ನೋಡಿಕೊಂಡಳು. ‘ಅಮ್ಮಾ, ಸೋಪು ಹಾಕಿದ್ರೆ ಮೊದಲೇ ಹೋಗ್ತಿತ್ತಾ?’

‘ಬಣ್ಣ ಕೊಳೆ ಅಲ್ಲ ಪುಟ್ಟಿ. ಇದನ್ನ ಬರೆದವರು ತಪ್ಪು ಬರೆದಿದ್ದಾರೆ.’

‘ಅವರ ಪುಸ್ತಕ ನಿಂಗೆ ಇಷ್ಟ ಅಂದಿದ್ದೆ?’

ಪುಸ್ತಕಗಳು ಇಷ್ಟವೇ, ಈ ಕಥೆ ಮಾತ್ರ ಇಷ್ಟವಿಲ್ಲ ಅಂದೆ.

ಅವತ್ತಿನಿಂದ ಪೆನ್ಸಿಲ್ ಹಿಡಿದು ಒಂದು ಅಧ್ಯಾಯ ಮುಂದೆ ಓದಿಕೊಳ್ಳುತ್ತೇನೆ. ಒಂದೊಂದು ಸಾಲನ್ನೂ ಮನಸ್ಸಲ್ಲೇ ಕನ್ನಡ ಮಾಡುತ್ತೇನೆ. ಮಗಳ ಮುಖ ನೋಡಿ ಹೇಳಲಾಗದ ಸಾಲಿನ ಪಕ್ಕ ಗೆರೆ. ಅದನ್ನು ಹಾರಿಸುವುದಿಲ್ಲ, ಅಲ್ಲಿ ನಿಂತು ಮಾತಾಡುತ್ತೇವೆ. ಬ್ಲೈಟನ್ ಪುಟ್ಟ ಮಕ್ಕಳಿಗೆ ಬರೆದ, ನಾಡ್ಡಿ ಅನ್ನುವ ಗೊಂಬೆಯ ಪುಸ್ತಕಗಳಲ್ಲಿ ಕಪ್ಪು ಮುಖದ ಗಾಲಿವಾಗ್ ಗೊಂಬೆಗಳ ಜಾಗಕ್ಕೆ ಈಗ ಬೇರೆ ಪಾತ್ರಗಳು ಬಂದಿವೆ. ತೀರಾ ಚಿಕ್ಕವರಿಗೆ ಅದೇ ಸರಿ. ಪ್ರಶ್ನೆ ಕೇಳುವ ವಯಸ್ಸಿನವರಿಗೆ ಹಳೇ ಪ್ರತಿಯೇ ಇರಲಿ, ಆದರೆ ಪಕ್ಕದಲ್ಲಿ ದೊಡ್ಡವರು ಕೂತಿರಬೇಕು.

‘ಆ ಕಾಲವೇ ಹಾಗಿತ್ತು’ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬ್ಲೈಟನ್ ಬದುಕಿದ್ದಾಗಲೇ, 1960ರಲ್ಲಿ, ಮ್ಯಾಕ್‌ಮಿಲನ್ ಪ್ರಕಾಶನ ಸಂಸ್ಥೆ ಅವರ ಒಂದು ಹಸ್ತಪ್ರತಿಯನ್ನು ವಾಪಸ್ ಕಳಿಸಿತ್ತು. ಕಳ್ಳರೆಂದರೆ ವಿದೇಶಿಯರೇ ಅನ್ನುವ ಧೋರಣೆ ಅಲ್ಲಿ ಹಸ್ತಪ್ರತಿ ಓದಿದವರಿಗೇ ಹಿಡಿಸಿರಲಿಲ್ಲ.

ಫೇಮಸ್ ಫೈವ್‌ನಲ್ಲಿ ನನ್ನ ಗೆರೆಗಳು ಜಾಸ್ತಿ ಬಿದ್ದದ್ದು ಗುಂಪಿನ ಹುಡುಗಿ ಆನ್ ಪಾತ್ರೆ ತೊಳೆಯುವ ಕಡೆ. ಹುಡುಗನಂತೆ ಇರಬಯಸುವ, ಜಾರ್ಜಿನಾ ಅಂತ ಕರೆದರೆ ಓಗೊಡದ ಇನ್ನೊಬ್ಬ ಹುಡುಗಿ ಜಾರ್ಜ್ ಮಾತ್ರ ಮಗಳಿಗೂ ಪ್ರಾಣ. ನಿನ್ನೆ ಕಥೆಯಲ್ಲಿ ಎಲ್ಲರೂ ದೋಣಿಯಲ್ಲಿ ಕಿರಿನ್ ದ್ವೀಪಕ್ಕೆ ಹೊರಟರು. ಹುಟ್ಟು ಹಾಕುತ್ತಿದ್ದವಳು ಜಾರ್ಜ್. ಮಗಳು ಹಾಸಿಗೆ ಮೇಲೆ ಕೂತು ತಾನೂ ಕೈ ಬೀಸುತ್ತಿದ್ದಳು.