ಲೈಂಗಿಕ ಅಪರಾಧಿಗಳ ದಾಖಲೆಯಿಂದ ಹೆಸರು ತೆಗೆಸಬಹುದೇ? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಮಾಹಿತಿ

ಲೈಂಗಿಕ ಅಪರಾಧಿಗಳ ಪಟ್ಟಿಯಿಂದ ಹೆಸರು ತೆಗೆಸುವುದು ಹೇಗೆಂದು ಅಂತರ್ಜಾಲದಲ್ಲಿ ಹುಡುಕುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಅಮೆರಿಕದ ಕಾನೂನು. ಅಲ್ಲಿನ 2006ರ ಫೆಡರಲ್ ಕಾಯ್ದೆ ಅಪರಾಧದ ಗಂಭೀರತೆಗೆ ತಕ್ಕಂತೆ 15 ವರ್ಷ, 25 ವರ್ಷ ಅಥವಾ ಜೀವಾವಧಿಯ ನೋಂದಣಿಯನ್ನು ವಿಧಿಸುತ್ತದೆ. ಅವಧಿ ಕಳೆದವರು ಕೋರ್ಟಿಗೆ ಅರ್ಜಿ ಹಾಕಿ ಹೆಸರು ತೆಗೆಸಿಕೊಳ್ಳಲು ಕೆಲವು ರಾಜ್ಯಗಳಲ್ಲಿ ಅವಕಾಶವೂ ಇದೆ. ಆ ಮಾದರಿಯ ಅರ್ಜಿಗೆ ನಮ್ಮಲ್ಲಿ ಜಾಗವಿಲ್ಲ.

ಭಾರತದಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ಕೇಂದ್ರ ಗೃಹ ಸಚಿವಾಲಯವು 2018ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನಿರ್ವಹಿಸುವ ಈ ದತ್ತಾಂಶ ಪೊಲೀಸರಿಗೆ ಮತ್ತು ತನಿಖಾ ಸಂಸ್ಥೆಗಳಿಗೆ ಮಾತ್ರ ಲಭ್ಯ. ನೆರೆಹೊರೆಯವರಾಗಲಿ ಮಾಲೀಕರಾಗಲಿ ತೆರೆದು ನೋಡುವಂತಿಲ್ಲ. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮುಂತಾದ ಪ್ರಕರಣಗಳಲ್ಲಿ ಶಿಕ್ಷೆಯಾದವರ ವಿವರಗಳು ಅದರಲ್ಲಿರುತ್ತವೆ. ಆದ್ದರಿಂದ ಹೆಸರು ತೆಗೆಸುವ ದಾರಿ ಹಾದುಹೋಗುವುದು ಶಿಕ್ಷೆಯ ತೀರ್ಪಿನ ಮೂಲಕವೇ.

ಸೆಷನ್ಸ್ ಕೋರ್ಟು ಅಥವಾ ಪೋಕ್ಸೋ ವಿಶೇಷ ಕೋರ್ಟು ಶಿಕ್ಷೆ ವಿಧಿಸಿದ್ದರೆ 60 ದಿನಗಳೊಳಗೆ ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ತಡವಾದರೆ ಸೂಕ್ತ ಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕೇಳಿಕೊಳ್ಳಬಹುದು. ಗೋವಾದ ಪ್ರಕರಣಗಳು ಪರ್ವರಿಯಲ್ಲಿರುವ ಪೀಠಕ್ಕೆ ಹೋಗುತ್ತವೆ. ಪುಣೆ ಜಿಲ್ಲೆಯವರು ಮುಂಬೈಗೇ ಬರಬೇಕು. 2025ರಲ್ಲಿ ಆರಂಭವಾದ ಕೊಲ್ಹಾಪುರ ಪೀಠದ ವ್ಯಾಪ್ತಿಗೆ ಅದು ಸೇರಿಲ್ಲ. ಮೇಲ್ಮನವಿಯ ವಿಚಾರಣೆ ಮುಗಿಯುವತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟ ಮಾತ್ರಕ್ಕೆ ಅಪರಾಧಿಯೆಂಬ ತೀರ್ಪು ಅಳಿಯುವುದಿಲ್ಲ ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು. ಹಣ ಕೊಟ್ಟೋ ಹಿರಿಯರನ್ನು ಕೂರಿಸಿಯೋ ರಾಜಿ ಮಾಡಿಕೊಂಡರೆ ಕೇಸು ಮುಗಿಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಇನ್ನೂ ಬಲವಾಗಿದೆ. ಅತ್ಯಾಚಾರ ಇಂಥ ರಾಜಿಯಿಂದ ರದ್ದಾಗುವ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಶಾಲಾ ಬಾಲಕಿಯ ಮೇಲಿನ ದೌರ್ಜನ್ಯದ ಪ್ರಕರಣವನ್ನು ರಾಜಿಯ ಆಧಾರದ ಮೇಲೆ ರದ್ದುಗೊಳಿಸಿದ್ದ ಹೈಕೋರ್ಟಿನ ಆದೇಶವೊಂದನ್ನು 2024ರಲ್ಲಿ ತಳ್ಳಿಹಾಕಿದೆ. ರಾಜಿಗೆಂದು ದೂರುದಾರರ ಮನೆಗೆ ಹೋದರೆ ಬೆದರಿಕೆಯ ಹೊಸ ಕೇಸು ಮೈಮೇಲೆ ಬರಬಹುದು, ಇದ್ದ ಜಾಮೀನೂ ರದ್ದಾಗಬಹುದು.

ಖುಲಾಸೆಯಾದವರ ಸ್ಥಿತಿ ಬೇರೆ, ಮತ್ತು ನಿಜವಾಗಿ ಕೆಲಸ ಇರುವುದು ಇಲ್ಲಿಯೇ. ಬಂಧನದ ಸಮಯದಲ್ಲಿ ಬೆರಳಚ್ಚು, ಭಾವಚಿತ್ರ, ಕಣ್ಣಿನ ಸ್ಕ್ಯಾನ್, ರಕ್ತದ ಮಾದರಿ ಮುಂತಾದವನ್ನು 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಡಿ ಸಂಗ್ರಹಿಸಬಹುದು. ಮಹಿಳೆ ಅಥವಾ ಮಗುವಿನ ವಿರುದ್ಧದ ಅಪರಾಧದಲ್ಲಿ ಬಂಧಿತರಾದವರು ಜೈವಿಕ ಮಾದರಿ ಕೊಡಲು ನಿರಾಕರಿಸುವಂತಿಲ್ಲ. ಈ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು; ಆದರೆ ಹಿಂದೆ ಜೈಲು ಶಿಕ್ಷೆ ವಿಧಿಸಬಹುದಾದ ಯಾವುದೇ ಅಪರಾಧದಲ್ಲಿ ದೋಷಿಯೆನಿಸದ ವ್ಯಕ್ತಿಯನ್ನು ವಿಚಾರಣೆಯಿಲ್ಲದೆ ಬಿಟ್ಟಿದ್ದರೆ, ಆರೋಪಮುಕ್ತಗೊಳಿಸಿದ್ದರೆ ಅಥವಾ ಖುಲಾಸೆ ಮಾಡಿದ್ದರೆ, ಎಲ್ಲ ಕಾನೂನು ಪರಿಹಾರಗಳೂ ಮುಗಿದ ಬಳಿಕ, ಕೋರ್ಟು ಲಿಖಿತ ಕಾರಣ ಕೊಟ್ಟು ಬೇರೆ ಆದೇಶ ಮಾಡದಿದ್ದಲ್ಲಿ, ಅವನ್ನು ನಾಶಪಡಿಸಬೇಕು.

ಇದು ತಾನಾಗಿಯೇ ಆಗಿಬಿಡುತ್ತದೆ ಎಂದು ಕೈಕಟ್ಟಿ ಕೂರಬಾರದು. ತೀರ್ಪಿನ ದೃಢೀಕೃತ ಪ್ರತಿಯನ್ನು ಪಡೆಯಿರಿ. ಸರ್ಕಾರವಾಗಲಿ ಸಂತ್ರಸ್ತರಾಗಲಿ ಮೇಲ್ಮನವಿ ಹಾಕಿದ್ದಾರೆಯೇ ಎಂದು ಹೈಕೋರ್ಟಿನಲ್ಲಿ ವಿಚಾರಿಸಿ. ಆ ಬಳಿಕ ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ದಾಖಲೆ ನಾಶಕ್ಕಾಗಿ ಲಿಖಿತ ಮನವಿ ಕೊಡಿ. ಬೇರೆ ಕ್ರಿಮಿನಲ್ ಪ್ರಕರಣಗಳಿಗೆ ಆ ದಾಖಲೆ ಸಂಬಂಧಿಸಿಲ್ಲವೆಂದು ಪರಿಶೀಲಿಸಿದ ಮೇಲೆ ಅವರು ಬ್ಯೂರೋಗೆ ಶಿಫಾರಸು ಮಾಡುತ್ತಾರೆ. ಮನವಿಯ ಸ್ವೀಕೃತಿಯನ್ನು ಜೋಪಾನವಾಗಿಡಿ, ಉತ್ತರ ಬಾರದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹೂಡಲು ಅದೇ ಆಧಾರ. ತೀರ್ಪಿನ ಪ್ರತಿಯನ್ನು ಮಾಲೀಕರಿಗೋ ಸಂಘದವರಿಗೋ ತೋರಿಸುವಾಗ ಸಂತ್ರಸ್ತರ ಹೆಸರು, ಊರು, ಶಾಲೆ ಕಾಣದಂತೆ ಮುಚ್ಚಬೇಕು. ಅವರ ಗುರುತನ್ನು ಪ್ರಕಟಿಸುವುದೇ ಪ್ರತ್ಯೇಕ ಅಪರಾಧ, ವಾಟ್ಸಾಪ್ ಗುಂಪೂ ಅದಕ್ಕೆ ಹೊರತಲ್ಲ.

ಘಟನೆಯ ಸಮಯದಲ್ಲಿ 18 ತುಂಬದವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್, ದೋಷಿಯೆನಿಸಿದ ಕಾರಣಕ್ಕೆ ಮುಂದೆ ಅನರ್ಹತೆ ತಟ್ಟದಂತೆ ರಕ್ಷಣೆ ನೀಡುತ್ತದೆ. 16 ದಾಟಿ, ಹೀನ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ದೋಷಿಗಳೆನಿಸಿದವರಿಗೆ ಇದು ಅನ್ವಯಿಸದು.

ಶಾಲಾ ಬಸ್ಸು, ಹಾಸ್ಟೆಲ್, ಟ್ಯೂಷನ್ ತರಗತಿಗಳಂಥ ಕಡೆ ಕೆಲಸ ಹುಡುಕುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ನಡೆಸಲೇಬೇಕೆಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ, ಮತ್ತು ಅದು ಸರಿಯಾದ ನಿಯಮವೇ. ಕೇಸಿನ ವಿಷಯ ಮುಚ್ಚಿಡುವುದಕ್ಕಿಂತ ತೀರ್ಪಿನ ಪ್ರತಿಯೊಂದಿಗೆ ನಿಜ ಹೇಳುವುದು ಕ್ಷೇಮ.

ಮಹಾರಾಷ್ಟ್ರದ ಕೆಳ ಕೋರ್ಟುಗಳ ಕಾಗದಪತ್ರಗಳು ಬಹುಪಾಲು ಮರಾಠಿಯಲ್ಲಿರುತ್ತವೆ. ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ವಕೀಲರಿಂದ ಓದಿಸಿಕೊಳ್ಳಿ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಸಹಾಯವಾಣಿಯ ಸಂಖ್ಯೆ 15100. ದುಡ್ಡು ಕೊಟ್ಟರೆ ಕಂಪ್ಯೂಟರಿನಿಂದಲೇ ಹೆಸರು ಅಳಿಸಿಕೊಡುತ್ತೇನೆ ಎನ್ನುವ ದಲ್ಲಾಳಿಗೆ ಆ ದತ್ತಾಂಶವನ್ನು ನೋಡುವ ಅಧಿಕಾರವೂ ಇರುವುದಿಲ್ಲ.